ಹಂಪ್ ಇಳಿದಾಗ ಬರುವ ಸದ್ದು



ಕಾರು ರಿಪೇರಿ ಮಾಡುವ ಗ್ಯಾರೇಜಿನ ಬಾಗಿಲಲ್ಲಿ ಈ ಮಾತು ನಿಮ್ಮ ಕಿವಿಗೂ ಬಿದ್ದಿರುತ್ತದೆ.

"ಅಣ್ಣಾ, ಏನೋ ಸದ್ದು ಬರ್ತಾ ಇದೆ, ಸ್ವಲ್ಪ ನೋಡಿ."

"ಎಲ್ಲಿಂದ ಸಾರ್?"

"ಮುಂದ್ಗಡೆಯಿಂದ ಅನ್ಸುತ್ತೆ."

"ಯಾವಾಗ ಬರುತ್ತೆ?"

"ಓಡಿಸುವಾಗ."

ಇಷ್ಟು ಹೇಳಿ, ಕೀ ಕೊಟ್ಟು, ನಾವು ಆಟೋ ಹತ್ತಿ ಆಫೀಸಿಗೆ ಹೋಗುತ್ತೇವೆ. ಸಂಜೆ ಬಂದರೆ ಎರಡು ಶಾಕ್ ಅಬ್ಸಾರ್ಬರ್ ಹೊಸದಾಗಿವೆ. ಬಿಲ್ಲು ಸಾವಿರಗಳ ಲೆಕ್ಕದಲ್ಲಿದೆ. ಮನೆ ಹತ್ತಿರದ ಹಂಪ್ ಹತ್ತಿ ಇಳಿದರೆ ಅದೇ ಟಕ್, ಅದೇ ಜಾಗದಿಂದ.

ಮೆಕ್ಯಾನಿಕ್ ಮೋಸ ಮಾಡಿದ ಎಂದು ಬೈದುಕೊಳ್ಳುತ್ತೇವೆ. ಒಮ್ಮೊಮ್ಮೆ ಮೋಸವೂ ಇರಬಹುದು. ಆದರೆ ಬಹಳಷ್ಟು ಸಲ ಆಗಿರುವುದು ಇಷ್ಟೇ: ಸದ್ದಿನ ಮೂಲವನ್ನು ಯಾರೂ ಹುಡುಕಲಿಲ್ಲ. ಹುಡುಕುವ ಕೆಲಸಕ್ಕೆ ನಾವು ಕೂಲಿ ಕೊಡುವ ರೂಢಿಯೂ ಇಲ್ಲ. ಇವತ್ತಿನ ಮಾತು ಈ ಹುಡುಕಾಟದ ಬಗ್ಗೆ.

ಮೊದಲು ಗಾಡಿಯ ಕೆಳಗೆ ಏನಿದೆ ಎಂದು ತಿಳಿಯೋಣ. ರೇಡಿಯೊದಲ್ಲಿ ಚಿತ್ರ ತೋರಿಸಲು ಬರುವುದಿಲ್ಲ. ಮನಸ್ಸಿನಲ್ಲೇ ಕಟ್ಟಿಕೊಳ್ಳಿ. ಮುಂದಿನ ಒಂದು ಚಕ್ರ ಸಾಕು.

ಚಕ್ರದ ಹಿಂದೆ ದಪ್ಪನೆಯ ಒಂದು ಕಬ್ಬಿಣದ ತುಂಡು ನಿಂತಿದೆ. ಅದರ ತಲೆಯ ಕಡೆ ಒಂದು ಉದ್ದನೆಯ ಕೊಳವೆ. ಕೊಳವೆಯೊಳಗೆ ಎಣ್ಣೆ. ಎಣ್ಣೆಯಲ್ಲಿ ಮೇಲೆ ಕೆಳಗೆ ಆಡುವ ಪಿಸ್ಟನ್. ಇದು ಶಾಕ್ ಅಬ್ಸಾರ್ಬರ್. ಅದರ ಸುತ್ತ ಸುರುಳಿ ಸ್ಪ್ರಿಂಗ್. ಎರಡೂ ಸೇರಿದ ಜೋಡಣೆಯೇ ಸ್ಟ್ರಟ್. ಅದರ ಮೇಲ್ತುದಿ ಬಾನೆಟ್ ಕೆಳಗೆ ಒಂದು ರಬ್ಬರ್ ಮೌಂಟಿಂಗ್ ಮೂಲಕ ಬಾಡಿಗೆ ಸೇರಿದೆ.

ಈಗ ಅದೇ ಕಬ್ಬಿಣದ ತುಂಡಿನ ಕೆಳಭಾಗಕ್ಕೆ ಬನ್ನಿ. ಅಲ್ಲಿ ಬಾಲ್ ಜಾಯಿಂಟ್ ಇದೆ. ಗುಂಡನೆಯ ತುದಿಯೊಂದು ಬಟ್ಟಲಿನಲ್ಲಿ ಕೂತು ಎತ್ತ ಬೇಕಾದರೂ ವಾಲುವ ಕೀಲು ಅದು. ಅಲ್ಲಿಂದ ಗಾಡಿಯ ನಡುವಿಗೆ ಅಡ್ಡಲಾಗಿ ಚಾಚಿರುವುದು ಲೋವರ್ ಆರ್ಮ್. ಆರ್ಮ್ ಬಾಡಿಗೆ ಸೇರುವಲ್ಲಿ ಬುಷ್‌ಗಳಿವೆ. ಬುಷ್ ಎಂದರೆ ಹೊರಗೊಂದು ಕಬ್ಬಿಣದ ಬಳೆ, ಒಳಗೊಂದು ಕಬ್ಬಿಣದ ಕೊಳವೆ, ನಡುವೆ ಎರಡಕ್ಕೂ ಬೆಸೆದುಕೊಂಡ ರಬ್ಬರು. ಇನ್ನೊಂದು ಇದೆ. ಎಡ ಚಕ್ರದಿಂದ ಬಲ ಚಕ್ರದವರೆಗೆ ಹಾದುಹೋದ ಬಾಗಿದ ಸರಳು. ತಿರುವಿನಲ್ಲಿ ಗಾಡಿ ವಾಲದಂತೆ ಹಿಡಿಯುವುದು ಇದೇ. ಇದನ್ನು ಸ್ಟ್ರಟ್‌ಗೆ ಜೋಡಿಸುವ ಗೇಣುದ್ದದ ಕಡ್ಡಿಗೆ ಲಿಂಕ್ ರಾಡ್ ಎಂದು ಹೆಸರು. ಕೆಲವು ಗ್ಯಾರೇಜುಗಳಲ್ಲಿ ಜಂಪಿಂಗ್ ರಾಡ್ ಎಂದೂ ಕರೆಯುತ್ತಾರೆ.

ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಒಂದೇ ಕೆಲಸ ಮಾಡುತ್ತವೆ ಎಂದು ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಈಗಿನ ಮನೆಗಳಲ್ಲಿ ಸ್ಪ್ರಿಂಗ್‌ಗೆ ತೂಗುಹಾಕಿದ ಬಟ್ಟೆಯ ತೊಟ್ಟಿಲು ನೋಡಿರುತ್ತೀರಿ. ಒಮ್ಮೆ ಎಳೆದು ಬಿಟ್ಟರೆ ಮೇಲೆ ಕೆಳಗೆ ಆಡುತ್ತಲೇ ಇರುತ್ತದೆ. ಮಗುವಿಗೆ ಅದು ಬೇಕು. ಕಾರಿಗೆ ಬೇಡ. ಗಾಡಿಯ ಭಾರ ಹೊರುವುದು ಸ್ಪ್ರಿಂಗ್. ಆ ಕುಣಿತ ನಿಲ್ಲಿಸುವುದು ಶಾಕ್ ಅಬ್ಸಾರ್ಬರ್. ಪಿಸ್ಟನ್ನಿನ ಸಣ್ಣ ತೂತುಗಳಲ್ಲಿ ಎಣ್ಣೆ ತೂರಿ ಹೋಗುವಾಗ ಕುಣಿತದ ಶಕ್ತಿಯೆಲ್ಲ ಬಿಸಿಯಾಗಿ ಹೊರಟುಹೋಗುತ್ತದೆ. ಒರಟು ರಸ್ತೆಯಲ್ಲಿ ಬಂದ ಗಾಡಿಯ ಶಾಕ್ ಅಬ್ಸಾರ್ಬರ್ ಮುಟ್ಟಿದರೆ ಬೆಚ್ಚಗಿರುವುದು ಇದಕ್ಕೇ.

ಒಂದು ಕಿಲೋಮೀಟರ್ ಓಡುವಷ್ಟರಲ್ಲಿ ಈ ಪಿಸ್ಟನ್ ಸುಮಾರು 1,000 ಸಲ ಆಡುತ್ತದೆ ಎಂದು ತಯಾರಕರು ಲೆಕ್ಕ ಹೇಳುತ್ತಾರೆ. 80,000 ಕಿಲೋಮೀಟರ್ ಆದ ಮೇಲೆ ಬದಲಾವಣೆಯ ಯೋಚನೆ ಮಾಡಿ ಎನ್ನುವುದೂ ಅವರದೇ ಸಲಹೆ. ಗುಣಿಸಿದರೆ 8 ಕೋಟಿ ಸಲ. ಆದರೆ ನಮ್ಮಲ್ಲಿ ಈ ಲೆಕ್ಕವನ್ನು ಅಷ್ಟಾಗಿ ನೆಚ್ಚಬಾರದು. ಆಯುಸ್ಸನ್ನು ನಿರ್ಧರಿಸುವುದು ರಸ್ತೆ.

ವಿಜಯಪುರ, ಗದಗ, ರಾಯಚೂರಿನ ಕಡೆ ಎರೆ ಭೂಮಿ. ಎರೆ ಮಣ್ಣು ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಕುಗ್ಗಿ ಬಿರಿಯುತ್ತದೆ. ಮೇಲಿನ ಡಾಂಬರು ಅಲೆ ಅಲೆಯಾಗುತ್ತದೆ. ಅಂಥ ರಸ್ತೆಯಲ್ಲಿ ಹೆಚ್ಚು ದುಡಿಯುವುದು ಶಾಕ್ ಅಬ್ಸಾರ್ಬರ್. ಮಲೆನಾಡಿನಲ್ಲಿ ಕಥೆ ಬೇರೆ. ಮಳೆಗಾಲದ ಗುಂಡಿಯಲ್ಲಿ ನೀರು ತುಂಬಿ ಆಳ ತಿಳಿಯುವುದಿಲ್ಲ. ಚಕ್ರ ಅದರ ಅಂಚಿಗೆ ಬಡಿಯುತ್ತದೆ. ಪೆಟ್ಟು ಬುಷ್‌ಗೆ, ಬಾಲ್ ಜಾಯಿಂಟಿಗೆ. ಕರಾವಳಿಯಲ್ಲಿ ಉಪ್ಪುಗಾಳಿ. ಕಲ್ಲು ಸಿಡಿದು ಸ್ಪ್ರಿಂಗ್‌ನ ಬಣ್ಣ ಎದ್ದ ಕಡೆ ತುಕ್ಕು ಹಿಡಿಯುತ್ತದೆ. ಒಂದು ದಿನ ಕೆಳಗಿನ ಸುತ್ತು ಮುರಿದಿರುತ್ತದೆ. ಮುರಿದ ತುಂಡು ಸ್ಪ್ರಿಂಗ್ ಕೂರುವ ಬಟ್ಟಲಿನೊಳಗೇ ಉಳಿಯುವುದರಿಂದ ಹೊರಗಿನಿಂದ ಬೇಗ ಗೊತ್ತಾಗುವುದಿಲ್ಲ.

ಇನ್ನು ಹಂಪ್‌ಗಳು. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾರ್ಗಸೂಚಿಯಂತೆ ಹಂಪ್‌ನ ಎತ್ತರ ಸುಮಾರು 10 ಸೆಂಟಿಮೀಟರ್. ಅಗಲ ಮೂರೂವರೆ ಮೀಟರಿಗೂ ಹೆಚ್ಚು. ಅಂದರೆ ನಿಧಾನವಾಗಿ ಏರಿ ನಿಧಾನವಾಗಿ ಇಳಿಯುವ ಉಬ್ಬು. ನಮ್ಮ ಬಡಾವಣೆಯ ಹಂಪ್ ಅಳೆದು ನೋಡಿ. ಎತ್ತರಕ್ಕೇನೂ ಮೋಸವಿಲ್ಲ. ಅಗಲ ಮಾತ್ರ ಎರಡು ಹೆಜ್ಜೆ.

ಇಲ್ಲಿಯವರೆಗೆ ಎರಡು ಸಂಗತಿ ಹೇಳಿದೆ. ಭಾರ ಹೊರುವುದು ಸ್ಪ್ರಿಂಗ್, ಕುಣಿತ ನಿಲ್ಲಿಸುವುದು ಶಾಕ್ ಅಬ್ಸಾರ್ಬರ್. ಇವೆರಡಲ್ಲದೆ ರಬ್ಬರಿನ ಬುಷ್‌ಗಳು, ಕೀಲುಗಳು ಹತ್ತಾರು ಇವೆ. ಈಗ ಸದ್ದಿನ ವಿಷಯಕ್ಕೆ ಬರೋಣ. ಕಿವಿಯಿಂದ ಕಲಿಯಬೇಕಾದ ವಿದ್ಯೆ ಇದು. ರೇಡಿಯೊ ಕೇಳುವ ನಿಮಗೆ ಕಷ್ಟವಾಗದು.

ಸಣ್ಣ ಸಣ್ಣ ಗುಂಡಿಗಳಲ್ಲಿ, 20 ಕಿಲೋಮೀಟರ್ ವೇಗದಲ್ಲಿ, ಒಂದು ಚಕ್ರ ಮೇಲಾಗಿ ಒಂದು ಚಕ್ರ ಕೆಳಗಾದಾಗ ಟಕ್ ಟಕ್ ಟಕ್. ಹಗುರವಾದ, ಒಣ ಸದ್ದು. ಮೊದಲ ಅನುಮಾನ ಲಿಂಕ್ ರಾಡ್ ಮೇಲೆ. ಕೆಳಗಿನ ಭಾಗಗಳಲ್ಲೆಲ್ಲ ಅಗ್ಗದ್ದು ಎಂದರೆ ಹೆಚ್ಚುಕಡಿಮೆ ಇದೇ. ಈ ಸದ್ದಿಗೇ ಎಷ್ಟೋ ಜನ ಶಾಕ್ ಅಬ್ಸಾರ್ಬರ್ ಬದಲಿಸಿದ್ದಾರೆ.

ಬ್ರೇಕ್ ಒತ್ತಿದಾಗ ಒಂದೇ ಒಂದು ಢಬ್. ಬಿಟ್ಟು ಹೊರಟಾಗ ಇನ್ನೊಂದು ಢಬ್. ಇದು ಲೋವರ್ ಆರ್ಮ್ ಬುಷ್‌ನ ಲಕ್ಷಣ. ರಬ್ಬರು ಹರಿದು ಆರ್ಮ್ ಹಿಂದೆ ಮುಂದೆ ಸರಿಯುತ್ತಿದೆ.

ನಿಂತಲ್ಲೇ ಸ್ಟೀರಿಂಗ್ ತಿರುಗಿಸಿದಾಗ ಕಟಕಟ ಎನ್ನುತ್ತದೆ, ಇಲ್ಲವೇ ಸ್ಪ್ರಿಂಗ್ ಟಣ್ ಎಂದು ಎಗರುತ್ತದೆ. ಸ್ಟ್ರಟ್‌ನ ಮೇಲ್ತುದಿಯ ಬೇರಿಂಗ್ ಹಿಡಿದುಕೊಂಡಿದೆ. ಸ್ಪ್ರಿಂಗ್ ಸರಾಗವಾಗಿ ತಿರುಗಲಾರದೆ ಸುತ್ತಿಕೊಂಡು ಒಮ್ಮೆಲೇ ಬಿಡುತ್ತದೆ. ಒಬ್ಬರು ಸ್ಟೀರಿಂಗ್ ತಿರುಗಿಸುವಾಗ ಇನ್ನೊಬ್ಬರು ಬಾನೆಟ್ ತೆಗೆದು ಮೌಂಟಿಂಗ್ ಮೇಲೆ ಅಂಗೈ ಇಡಿ. ಎಗರಿದ್ದು ಕೈಗೆ ತಿಳಿಯುತ್ತದೆ.

ಹಂಪ್ ಮೇಲೆ ನಿಧಾನ ಹೋಗುವಾಗ ಕಿರ್ ಎಂದು ಎಳೆಯುವ ಸದ್ದು. ಒಣಗಿದ ರಬ್ಬರು. ಮಳೆ ಬಂದ ದಿನ ಇದು ನಿಲ್ಲುತ್ತದೆ. ವಾಸಿಯಾಯಿತು ಎಂದು ಖುಷಿಪಡಬೇಡಿ. ರಬ್ಬರು ಒದ್ದೆಯಾಗಿದೆ ಅಷ್ಟೇ.

ಕೆಲವು ಸದ್ದುಗಳು ಈ ಸ್ಪ್ರಿಂಗ್, ಬುಷ್, ಕೀಲುಗಳ ಜೋಡಣೆಯದ್ದೇ, ಅಂದರೆ ಸಸ್ಪೆನ್ಷನ್‌ನದ್ದೇ ಅಲ್ಲ. ವೇಗ ಏರಿದಂತೆ ಏರುವ ಗುಂಯ್ ಸದ್ದು, ತಿರುವಿನಲ್ಲಿ ಹೆಚ್ಚು ಕಡಿಮೆ ಆದರೆ, ಚಕ್ರದ ಬೇರಿಂಗ್‌ನದ್ದು. ಪೂರ್ತಿ ಸ್ಟೀರಿಂಗ್ ತಿರುಗಿಸಿ ಆಕ್ಸಿಲರೇಟರ್ ಕೊಟ್ಟಾಗ ಬರುವ ಕಟ್ ಕಟ್ ಕಟ್, ಇಂಜಿನ್ನಿನಿಂದ ಚಕ್ರಕ್ಕೆ ಬರುವ ಆಕ್ಸಲ್‌ನ ಕೀಲಿನದ್ದು. ಡಿಕ್ಕಿಯೊಳಗಿನ ಜಾಕ್ ಸಡಿಲವಾಗಿ ಬಡಿಯುವುದೂ ಉಂಟು. ಸೈಲೆನ್ಸರ್ ತೂಗುಹಾಕಿದ ರಬ್ಬರು ಹರಿದಿರುವುದೂ ಉಂಟು. ಆದ್ದರಿಂದ ಗ್ಯಾರೇಜಿಗೆ ಹೋಗುವ ಮುಂಚೆ ಡಿಕ್ಕಿ ಖಾಲಿ ಮಾಡಿ. ಟೈರಿಗೆ ಸರಿಯಾದ ಗಾಳಿ ಹಿಡಿಸಿ. ಗಾಳಿ ಹೆಚ್ಚಾದರೂ ಗಾಡಿ ಒರಟಾಗಿ ಎಗರುತ್ತದೆ.

ಹೀಗೆ ಸದ್ದು ಯಾವಾಗ, ಯಾವ ವೇಗದಲ್ಲಿ, ಬ್ರೇಕಿಗೋ ಸ್ಟೀರಿಂಗಿಗೋ ಗುಂಡಿಗೋ ಎಂದು ಹೇಳಬಲ್ಲವರಾದರೆ ಅರ್ಧ ಕೆಲಸ ಆಯಿತು. ಉಳಿದರ್ಧ ಗ್ಯಾರೇಜಿನದು. ಅಲ್ಲಿ ಪರೀಕ್ಷೆ ಹೇಗೆ ನಡೆಯಬೇಕು?

ಮೊದಲು ಓಡಿಸಿ ನೋಡಬೇಕು. ಮೆಕ್ಯಾನಿಕ್ ಓಡಿಸಲಿ, ನೀವು ಪಕ್ಕದಲ್ಲಿ ಕೂತು "ಇದೇ, ಈಗ ಬಂತಲ್ಲ ಅದೇ" ಎಂದು ಹೇಳಿ. ಸದ್ದು ಇಬ್ಬರ ಕಿವಿಗೂ ಬೀಳದೆ ಪಾನಾ ಮುಟ್ಟಬಾರದು.

ಆಮೇಲೆ ಗಾಡಿ ನೆಲದ ಮೇಲೇ ಇರುವಾಗ ಒಂದೊಂದು ಮೂಲೆಯನ್ನು ಭಾರ ಹಾಕಿ ಒತ್ತಿ ಬಿಡುತ್ತಾರೆ. ಎದ್ದು ಒಮ್ಮೆ ಕೂತು ನಿಂತರೆ ಸರಿ. ಎರಡು ಮೂರು ಸಲ ಕುಣಿದರೆ ಶಾಕ್ ಅಬ್ಸಾರ್ಬರ್ ಹೋಗಿದೆ. ಈ ಪರೀಕ್ಷೆಗೆ ಒಂದು ಮಿತಿ ಇದೆ. ಪೂರ್ತಿ ಸತ್ತದ್ದನ್ನು ಇದು ಹಿಡಿಯುತ್ತದೆ. ಅರ್ಧ ಸೋತದ್ದನ್ನು ಹಿಡಿಯುವುದಿಲ್ಲ. ಅದಕ್ಕೆ ಟೈರನ್ನು ಕೇಳಬೇಕು. ಅಂಗೈಯನ್ನು ಟೈರಿನ ಮೇಲೆ ಸುತ್ತಲೂ ಆಡಿಸಿ. ಅಲ್ಲಲ್ಲಿ ತಗ್ಗು ಉಬ್ಬು ಸಿಕ್ಕಿದರೆ ಚಕ್ರ ರಸ್ತೆಗೆ ಸರಿಯಾಗಿ ಅಂಟಿಕೊಂಡು ಓಡಿಲ್ಲ. ಸೋತ ಶಾಕ್ ಅಬ್ಸಾರ್ಬರಿನ ಗಾಡಿ ಒರಟು ರಸ್ತೆಯಲ್ಲಿ ಬ್ರೇಕ್ ಹಾಕಿದಾಗ ಮುಂದೆ ಹೋಗಿ ನಿಲ್ಲುವುದು ಕೂಡ ಇದರಿಂದಲೇ. ಸವಾರಿಯ ಸುಖಕ್ಕಿಂತ ಇದು ದೊಡ್ಡ ವಿಷಯ.

ಕೊಳವೆಯ ಮೇಲೆ ಎಣ್ಣೆ ಕಂಡರೆ? ತೆಳುವಾಗಿ ಬೆವರಿದಂತಿದ್ದರೆ, ಧೂಳು ಅಂಟಿದ್ದರೆ, ಅದು ಸಹಜ. ಎಣ್ಣೆ ಧಾರೆಯಾಗಿ ಇಳಿದಿದ್ದರೆ ಸೀಲ್ ಹೋಗಿದೆ. ಒರೆಸಿ, ಒಂದು ವಾರ ಓಡಿಸಿ, ಮತ್ತೆ ನೋಡಿದರೆ ಸಂದೇಹ ಉಳಿಯುವುದಿಲ್ಲ.

ಈಗ ಗಾಡಿಯನ್ನು ಎತ್ತಬೇಕು. ಜಾಕ್ ಮೇಲಷ್ಟೇ ನಿಂತ ಗಾಡಿಯ ಕೆಳಗೆ ಯಾರೂ ನುಗ್ಗಬಾರದು. ಸ್ಟ್ಯಾಂಡ್ ಕೊಡಲೇಬೇಕು. ಚಕ್ರವನ್ನು ಮೇಲೊಂದು ಕೈ, ಕೆಳಗೊಂದು ಕೈ ಹಿಡಿದು ಅಲುಗಿಸುತ್ತಾರೆ. ಸಡಿಲ ಇದ್ದರೆ ಎರಡರಲ್ಲೊಂದು: ಬೇರಿಂಗ್, ಇಲ್ಲವೇ ಬಾಲ್ ಜಾಯಿಂಟ್. ಯಾವುದೆಂದು ತಿಳಿಯಲು ಒಂದು ಉಪಾಯ. ಒಳಗೆ ಒಬ್ಬರು ಬ್ರೇಕ್ ತುಳಿದು ಹಿಡಿಯಲಿ. ಆಗ ಅಲುಗಾಟ ನಿಂತರೆ ಬೇರಿಂಗ್. ನಿಲ್ಲದಿದ್ದರೆ ಬಾಲ್ ಜಾಯಿಂಟ್. ಎಡಕ್ಕೊಂದು ಬಲಕ್ಕೊಂದು ಕೈ ಹಿಡಿದು ಅಲುಗಿಸಿದರೆ ಸ್ಟೀರಿಂಗ್‌ನ ಟೈ ರಾಡ್ ಎಂಡ್ ಬಣ್ಣ ಬಯಲಾಗುತ್ತದೆ. ಬುಷ್‌ಗಳಿಗೆ ಸಣ್ಣ ಸಬ್ಬಲ್ ಕೊಟ್ಟು ಮೀಟಬೇಕು. ಬರಿಗಣ್ಣಿಗೆ ಚೆನ್ನಾಗಿರುವ ಬುಷ್ ಮೀಟಿದಾಗ ಬಾಯಿ ತೆರೆಯುತ್ತದೆ.

ಲಿಂಕ್ ರಾಡ್ ಮಾತ್ರ ಇಲ್ಲಿ ಎಷ್ಟೋ ಸಲ ತಪ್ಪಿಸಿಕೊಳ್ಳುತ್ತದೆ. ಒಂದೇ ಬದಿ ಎತ್ತಿದಾಗ ಆ ಬಾಗಿದ ಸರಳು ತಿರುಚಿಕೊಂಡು ಲಿಂಕ್ ರಾಡನ್ನು ಬಿಗಿಯಾಗಿ ಹಿಡಿಯುತ್ತದೆ. ಸಡಿಲ ಅಡಗುತ್ತದೆ. ಎರಡೂ ಚಕ್ರ ಸಮವಾಗಿರುವಾಗ ಅಲುಗಿಸಬೇಕು. ಅನುಭವಸ್ಥರು ಇನ್ನೂ ಸುಲಭದ ದಾರಿ ಹಿಡಿಯುತ್ತಾರೆ. ಎರಡೂ ಲಿಂಕ್ ರಾಡ್ ಬಿಚ್ಚಿ, ಗ್ಯಾರೇಜಿನ ಬೀದಿಯಲ್ಲಿ ನಿಧಾನಕ್ಕೆ ಒಂದು ಸುತ್ತು ಹೋಗಿ ಬರುತ್ತಾರೆ. ಸದ್ದು ಇಲ್ಲವಾದರೆ ಕಳ್ಳ ಸಿಕ್ಕಿದ. ಒಂದು ಪೈಸೆಯ ಸಾಮಾನು ಕೊಂಡಿಲ್ಲ ನೋಡಿ.

ಇಷ್ಟೆಲ್ಲ ಮಾಡಲು ಮುಕ್ಕಾಲು ಗಂಟೆ, ಒಂದು ಗಂಟೆ ಬೇಕು. ಈ ಗಂಟೆಗೆ ಬೆಲೆ ಯಾರು ಕೊಡುತ್ತಾರೆ? ಇದು ನನ್ನ ಮುಖ್ಯ ಮಾತು. ಅದಕ್ಕೆ ಸ್ವಲ್ಪ ಹಿಂದೆ ಹೋಗಬೇಕು.

ಅಂಬಾಸಡರ್ ಕಾರು ನಮ್ಮಲ್ಲಿ 1950ರ ದಶಕದ ಕೊನೆಯಿಂದ 2014ರವರೆಗೆ ತಯಾರಾಯಿತು. ಅದರ ಹಿಂದೆ ಪಟ್ಟಿ ಸ್ಪ್ರಿಂಗ್. ಮುಂದಿನ ಕೀಲುಗಳಿಗೆಲ್ಲ ಗ್ರೀಸ್ ನಿಪ್ಪಲ್. ಆಗಾಗ ಗ್ರೀಸ್ ಗನ್ ಹಿಡಿದು ಒತ್ತಿಸಬೇಕಿತ್ತು. ಒತ್ತುವಾಗ ಮೆಕ್ಯಾನಿಕ್ ತಾನಾಗಿಯೇ ಪ್ರತಿ ಕೀಲನ್ನೂ ನೋಡುತ್ತಿದ್ದ, ಮುಟ್ಟುತ್ತಿದ್ದ. ಅದಕ್ಕೆ ಕೂಲಿಯೂ ಸಿಗುತ್ತಿತ್ತು. 1983ರ ಕೊನೆಗೆ ಮಾರುತಿ 800 ಬಂತು. ಮುಂದೆ ಸ್ಟ್ರಟ್ ಇರುವ ಸಣ್ಣ ಕಾರು ಮಧ್ಯಮ ವರ್ಗದ ಮನೆ ಬಾಗಿಲಿಗೆ ಬಂತು. ಸ್ಟ್ರಟ್ ಹೊಸದೇನಲ್ಲ. ಮ್ಯಾಕ್‌ಫರ್ಸನ್ ಎಂಬ ಅಮೆರಿಕದ ಎಂಜಿನಿಯರ್ ರೂಪಿಸಿದ್ದು. 1950ರ ಸುಮಾರಿಗೇ ಇಂಗ್ಲೆಂಡಿನ ಫೋರ್ಡ್ ಕಾರುಗಳಲ್ಲಿ ಇತ್ತು. ಭಾಗಗಳು ಕಡಿಮೆ, ಜಾಗ ಉಳಿತಾಯ, ಬೆಲೆ ಅಗ್ಗ.

ಈಗಿನ ಕಾರುಗಳ ಕೀಲುಗಳಿಗೆ ನಿಪ್ಪಲ್ ಇಲ್ಲ. ಗ್ರೀಸ್ ಒಳಗೇ ತುಂಬಿ ಮೇಲೆ ರಬ್ಬರ್ ಬೂಟು ಹಾಕಿ ಮುಚ್ಚಿರುತ್ತಾರೆ. ಬೂಟು ಹರಿದು ನೀರು, ಮಣ್ಣು ಒಳಗೆ ಹೋಯಿತೆಂದರೆ ಕೀಲಿನ ಕಥೆ ಮುಗಿಯಿತು. ಬಿಚ್ಚಿ ಎಸೆದು ಹೊಸದು ಹಾಕಬೇಕು. ಮಾಲೀಕರಿಗೆ ಇದರಿಂದ ಅನುಕೂಲವೇ ಆಯಿತು. ಆದರೆ ಮೆಕ್ಯಾನಿಕ್‌ಗೆ ನೋಡುವ ಕೂಲಿ ಹೋಯಿತು. ಉಳಿದದ್ದು ಬದಲಿಸುವ ಕೂಲಿ ಮಾತ್ರ. ಒಂದು ಗಂಟೆ ಹುಡುಕಿ, "ಲಿಂಕ್ ರಾಡ್ ಒಂದೇ ಹೋಗಿರೋದು ಸಾರ್" ಎಂದವನ ಜೇಬಿಗೆ ಬೀಳುವುದು ಅಲ್ಪ. ನೋಡದೆಯೇ ಎರಡು ಸ್ಟ್ರಟ್ ಬದಲಿಸಿದವನ ಬಿಲ್ಲು ದೊಡ್ಡದು. ಹೀಗಿರುವಾಗ ತಪ್ಪು ಅವನೊಬ್ಬನದೇ ಎನ್ನಲು ನನಗೆ ಬಾಯಿ ಬರುವುದಿಲ್ಲ. ಗಾಡಿ ಬಿಡುವಾಗಲೇ ಹೇಳಿಬಿಡಿ: "ಮೊದಲು ಪೂರ್ತಿ ನೋಡಿ ಹೇಳಿ. ನೋಡಿದ್ದಕ್ಕೆ ಕೂಲಿ ಬೇರೆ ಕೊಡ್ತೀನಿ. ಸಾಮಾನು ಹಾಕೋದು ಆಮೇಲೆ." ಬಹಳ ಗ್ಯಾರೇಜುಗಳಲ್ಲಿ ಈ ಮಾತು ಕೇಳಿದೊಡನೆ ಗಾಡಿಗೆ ಸಿಗುವ ಗಮನವೇ ಬದಲಾಗುತ್ತದೆ.

ಸರಿ, ಸದ್ದಿನ ಮೂಲ ಸಿಕ್ಕಿತು, ಹುಡುಕಿದ್ದಕ್ಕೆ ಕೂಲಿಯೂ ಕೊಟ್ಟಿರಿ ಎಂದುಕೊಳ್ಳೋಣ. ಇನ್ನು ರಿಪೇರಿ.

ಬುಷ್ ಹೋಗಿದ್ದರೆ ಆರ್ಮ್ ಪೂರ್ತಿ ಬದಲಿಸಬೇಕೇ? ಕಂಪನಿ ಸರ್ವಿಸ್ ಸೆಂಟರಿನಲ್ಲಿ ಸಾಮಾನ್ಯವಾಗಿ ಪೂರ್ತಿ ಬದಲಿಸುತ್ತಾರೆ. ನಮ್ಮ ಗ್ಯಾರೇಜಿನವರು ಪ್ರೆಸ್ ಇರುವ ಅಂಗಡಿಗೆ ಕಳಿಸಿ ಹಳೆ ಬುಷ್ ಒತ್ತಿ ತೆಗೆಸಿ ಹೊಸದು ಕೂರಿಸುತ್ತಾರೆ. ಆರ್ಮ್ ಬಾಗಿಲ್ಲದಿದ್ದರೆ, ಬಾಲ್ ಜಾಯಿಂಟ್ ಗಟ್ಟಿಯಿದ್ದರೆ, ಇದು ಒಳ್ಳೆಯ ಕೆಲಸವೇ. ಸುತ್ತಿಗೆಯಿಂದ ಬಡಿದು ಕೂರಿಸುವವರಿಗೆ ಮಾತ್ರ ಕೊಡಬೇಡಿ.

ಇಲ್ಲಿ ಒಂದು ಸೂಕ್ಷ್ಮ ಇದೆ. ಗಮನವಿಟ್ಟು ಕೇಳಿ. ಬುಷ್‌ನ ರಬ್ಬರು ಒಳಗಿನ ಕೊಳವೆಗೂ ಹೊರಗಿನ ಬಳೆಗೂ ಅಂಟಿಕೊಂಡಿರುತ್ತದೆ. ಅದು ಜಾರುವುದಿಲ್ಲ, ತಿರುಚಿಕೊಳ್ಳುತ್ತದೆ. ಗಾಡಿ ಎತ್ತಿ, ಚಕ್ರ ಜೋತುಬಿದ್ದಿರುವಾಗಲೇ ಬೋಲ್ಟ್ ಪೂರ್ತಿ ಬಿಗಿ ಮಾಡಿದರೆ ಏನಾಗುತ್ತದೆ? ಗಾಡಿ ಕೆಳಗಿಳಿದ ಕ್ಷಣದಿಂದ ಆ ರಬ್ಬರು ತಿರುಚಿದ ಸ್ಥಿತಿಯಲ್ಲೇ ದುಡಿಯಬೇಕು. ವರ್ಷಗಟ್ಟಲೆ ಬರಬೇಕಾದ ಬುಷ್ ತಿಂಗಳುಗಳಲ್ಲೇ ಹರಿಯುತ್ತದೆ. ಆಮೇಲೆ ಸಾಮಾನು ಡೂಪ್ಲಿಕೇಟ್ ಎಂದು ಅಂಗಡಿಯವರನ್ನು ಬೈಯುತ್ತೇವೆ. ಬೋಲ್ಟನ್ನು ಮೊದಲು ಸಡಿಲವಾಗಿ ಕೂರಿಸಬೇಕು. ಗಾಡಿಯನ್ನು ಚಕ್ರದ ಮೇಲೆ ಇಳಿಸಿ, ಪಿಟ್ ಇದ್ದರೆ ಪಿಟ್ಟಿನ ಮೇಲೆ ನಿಲ್ಲಿಸಿ, ಭಾರ ಬಿದ್ದ ಸ್ಥಿತಿಯಲ್ಲಿ ಕೊನೆಯ ಬಿಗಿ ಕೊಡಬೇಕು. ಐದು ನಿಮಿಷದ ಕೆಲಸ. ಅವಸರದಲ್ಲಿ ಇದನ್ನೇ ಬಿಟ್ಟುಬಿಡುತ್ತಾರೆ.

ರಬ್ಬರಿನ ಇನ್ನೊಂದು ಶತ್ರು ನಮ್ಮದೇ ಹಳೆಯ ಚಾಳಿ. ನೀರು ಹೊಡೆಸಿದ ಮೇಲೆ ಗಾಡಿಯ ಕೆಳಗೆಲ್ಲ ಹಳೆ ಆಯಿಲ್, ಡೀಸೆಲ್ ಸ್ಪ್ರೇ ಮಾಡಿಸುವುದು. ಪಟ್ಟಿ ಸ್ಪ್ರಿಂಗ್ ಕಾಲದಲ್ಲಿ ಅದಕ್ಕೆ ಅರ್ಥ ಇತ್ತು. ಈಗ ಅದು ಬುಷ್‌ಗಳನ್ನು ಉಬ್ಬಿಸಿ ಮೆತ್ತಗಾಗಿಸುತ್ತದೆ. ಕಿರ್ ಸದ್ದಿಗೂ ಎಂಜಿನ್ ಆಯಿಲ್ ಬಿಡಬೇಡಿ. ಅವತ್ತು ನಿಲ್ಲುತ್ತದೆ, ಆಮೇಲೆ ಬುಷ್ ಹೋಗುತ್ತದೆ.

ಸ್ಟ್ರಟ್ ಬದಲಿಸುವುದಾದರೆ ಮುಂದಿನ ಎರಡೂ, ಇಲ್ಲವೇ ಹಿಂದಿನ ಎರಡೂ. ಒಂದು ಹೊಸದು ಒಂದು ಹಳೆಯದಾದರೆ ಎರಡು ಬದಿಯ ಬಿಗಿ ಬೇರೆ ಬೇರೆ ಆಗುತ್ತದೆ. ಜೊತೆಗೆ ಮೇಲಿನ ಮೌಂಟಿಂಗ್, ಬೂಟು, ಒಳಗಿನ ತಡೆ ರಬ್ಬರು ನೋಡಿಸಿ. ಸ್ಪ್ರಿಂಗ್ ಬಿಚ್ಚುವಾಗ ಅದನ್ನು ಒತ್ತಿ ಹಿಡಿಯುವ ಸಾಧನ ಸರಿಯಾಗಿರಬೇಕು. ಅದರೊಳಗೆ ನೂರಾರು ಕಿಲೋ ಒತ್ತಡ ಇದೆ. ಹಗ್ಗ, ತಂತಿ ಕಟ್ಟಿ ಬಿಚ್ಚುವ ಸಾಹಸ ಕಂಡರೆ ಗಾಡಿ ವಾಪಸ್ ತನ್ನಿ. ತೂತು ಕೊರೆದು ಎಣ್ಣೆ ತುಂಬಿ ಬೆಸುಗೆ ಹಾಕಿದ ರೀಕಂಡೀಷನ್ ಶಾಕ್ ಅಬ್ಸಾರ್ಬರ್ ನನಗಂತೂ ಬೇಡ. ಗ್ಯಾಸ್ ತುಂಬಿದ ಜಾತಿಯಾಗಿದ್ದರೆ ಆ ಗ್ಯಾಸ್ ತೂತು ಕೊರೆದಾಗಲೇ ಹೋಗಿರುತ್ತದೆ. ಸುರುಳಿಗಳ ನಡುವೆ ತುರುಕುವ ರಬ್ಬರ್ ಬಫರುಗಳ ಬಗ್ಗೆಯೂ ಇದೇ ಮಾತು. ಗಾಡಿ ಎತ್ತರ ಕಾಣುತ್ತದೆ, ಕುಸಿದ ಸ್ಪ್ರಿಂಗ್ ಹಾಗೇ ಉಳಿಯುತ್ತದೆ.

ಹಳೆಯ ಭಾಗಗಳನ್ನು ಕೇಳಿ ಪಡೆಯಿರಿ. ಸಂಕೋಚ ಬೇಡ. ಹರಿದ ಬುಷ್ ಕೈಯಲ್ಲಿ ಹಿಡಿದು ನೋಡಿದರೆ ಮುಂದಿನ ಸಲ ಸದ್ದು ಬಂದಾಗ ನಿಮಗೇ ಅಂದಾಜು ಸಿಗುತ್ತದೆ. ಆಮೇಲೆ ಅದೇ ಬೀದಿ, ಅದೇ ಹಂಪ್, ಅದೇ ವೇಗದಲ್ಲಿ ಇಬ್ಬರೂ ಕೂತು ಓಡಿಸಿ ನೋಡಿ. ದುಡ್ಡು ಕೊಡುವುದು ಅದರ ನಂತರ.

ಕೊನೆಯದಾಗಿ ವ್ಹೀಲ್ ಅಲೈನ್‌ಮೆಂಟ್. ಸ್ಟ್ರಟ್, ಲೋವರ್ ಆರ್ಮ್, ಟೈ ರಾಡ್ ಎಂಡ್, ಇವುಗಳಲ್ಲಿ ಯಾವುದನ್ನು ಬಿಚ್ಚಿದ್ದರೂ ಇದು ಬೇಕು. ಲಿಂಕ್ ರಾಡ್ ಒಂದನ್ನೇ ಬದಲಿಸಿದ್ದರೆ ಬೇಡ. ಕೀಲು ಸಡಿಲ ಇರುವಾಗ ಅಲೈನ್‌ಮೆಂಟ್ ಮಾಡಿಸಿದರೆ ದುಡ್ಡು ದಂಡ, ಹಾಗಾಗಿ ರಿಪೇರಿ ಮುಗಿದ ಮೇಲೇ ಮಾಡಿಸಿ. ಯಂತ್ರದಿಂದ ಬರುವ ಚೀಟಿಯಲ್ಲಿ ಮುಂಚಿನ ಅಳತೆ, ಆಮೇಲಿನ ಅಳತೆ ಎರಡೂ ಇರುತ್ತವೆ. ಅದನ್ನು ಆರ್‌ಸಿ, ಇನ್ಶೂರೆನ್ಸ್ ಕಾಗದಗಳ ಜೊತೆ ಇಡಿ. ಆರು ತಿಂಗಳಾದ ಮೇಲೆ ಟೈರಿನ ಒಳಅಂಚು ಸವೆಯತೊಡಗಿದರೆ, ಯಾವ ಅಳತೆ ಎಷ್ಟು ಸರಿದಿದೆ ಎಂದು ಹೋಲಿಸಲು ಮೆಕ್ಯಾನಿಕ್ ಮೊದಲು ಕೇಳುವುದು ಆ ಚೀಟಿಯನ್ನೇ.